ಕೊಟ್ಟಿಗೆಯು ಮಲಗುವ ಮನೆಯಾಗುವಾಗ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಆ ಮೇಲೆ ಚಿಕ್ಕಬಳ್ಳಾಪುರದ ಜಿಲ್ಲೆಯೆಂದು ಬೇರೆಯಾದುವು. ಜಿಲ್ಲೆ ಯಾವುದಾದರೇನು, ಇಲ್ಲಿಯ ಹಳೆಯ ಒಕ್ಕಲು ಮನೆಗಳ ಕ್ರಮವು ಬಹುಮಟ್ಟಿಗೆ ಒಂದೇ. ಬೀದಿಯಿಂದ ಜಗಲಿಯನ್ನು ಹತ್ತಿ ತಲೆಬಾಗಿಲನ್ನು ದಾಟಿದೊಡನೆ ಒಂದು ಪಕ್ಕಕ್ಕೆ ದನಗಳನ್ನು ಕಟ್ಟುವ ಕೊಟ್ಟಿಗೆ. ಅದರ ನೆಲವು ಉಳಿದ ಮನೆಗಿಂತ ಒಂದು ಮೆಟ್ಟಿಲಿನಷ್ಟು ತಗ್ಗು. ಗೋಡೆಯ ಉದ್ದಕ್ಕೂ ಗೋದಲಿ, ಮೂಲೆಯಲ್ಲಿ ಗಂಜಲ ಹರಿದುಹೋಗಲು ಒಂದು ಕಿಂಡಿ. ಇನ್ನೊಂದು ಪಕ್ಕಕ್ಕೆ ಮೆಟ್ಟಿಲನ್ನೇರಿದರೆ ನಡುಮನೆ, ಅದರ ಹಿಂದೆ ಅಡಿಗೆಯ ಮನೆ ಮತ್ತು ಬಚ್ಚಲು. ದನವೂ ಜನವೂ ಒಂದೇ ಮಾಡಿನ ಕೆಳಗೆ ಇರುತ್ತಿದ್ದುದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಕಳ್ಳರ ಭಯವಿತ್ತು, ಬೆಟ್ಟದ ಸೀಮೆಯಲ್ಲಿ ಚಿರತೆಯ ಭಯವೂ ಇತ್ತು. ನಡುರಾತ್ರಿಯಲ್ಲಿ ಎತ್ತಿನ ಕೊರಳಿನ ಗಂಟೆಯ ಸದ್ದು ಬದಲಾದರೆ ಯಜಮಾನನಿಗೆ ಎಚ್ಚರವಾಗುತ್ತಿತ್ತು.

ಈಗ ಆ ಕೊಟ್ಟಿಗೆಗಳಲ್ಲಿ ಅನೇಕವು ಬರಿದಾಗಿವೆ. ಉಳುವ ಎತ್ತಿನ ಬದಲು ಟ್ರಾಕ್ಟರು ಬಂದಿತು. ಹಾಲಿನ ಸಹಕಾರ ಸಂಘಕ್ಕೆ ಹಾಲು ಹಾಕುವವರು ಸೀಮೆ ಹಸುಗಳನ್ನು ಸಾಕತೊಡಗಿ, ಅವಕ್ಕೆ ಮನೆಯ ಹೊರಗೆ ಬೇರೆ ಷೆಡ್ಡು ಕಟ್ಟಿದರು. ಶಿಡ್ಲಘಟ್ಟದ ಸುತ್ತುಮುತ್ತ ಹಿಂದೆ ನಡುಮನೆಯಲ್ಲಿಯೇ ತಟ್ಟೆಗಳನ್ನು ಅಡುಕಿ ರೇಷ್ಮೆಹುಳುವನ್ನು ಸಾಕುತ್ತಿದ್ದವರು, ರೆಂಬೆಯ ಮೇಲೆ ಸೊಪ್ಪು ಕೊಡುವ ಪದ್ಧತಿ ಬಂದ ಮೇಲೆ ತೋಟದಲ್ಲಿಯೇ ಹುಳುವಿನ ಮನೆಯನ್ನು ಕಟ್ಟಿಕೊಂಡರು. ಮನೆಗಂಟಿಕೊಂಡಿದ್ದ ಹಳೆಯ ಹುಳುವಿನ ಕೋಣೆಯೂ ಖಾಲಿಯಾಯಿತು. ಪಟ್ಟಣಗಳ ಮಾತು ಬೇರೆ. ಅಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆಯ ಮಗ್ಗುಲಿಗೇ ಅಂಟಿಸಿ ಕಟ್ಟಿದ ಕಾರು ಷೆಡ್ಡು ಇರುತ್ತದೆ. ಕಾರು ಬೀದಿಯಲ್ಲಿ ನಿಲ್ಲುತ್ತದೆ, ಷೆಡ್ಡಿನಲ್ಲಿ ಹಳೆಯ ಮಂಚ, ಮುರಿದ ಬೈಸಿಕಲ್ಲು, ಟೊಮೇಟೊ ಪೆಟ್ಟಿಗೆ ತುಂಬಿರುತ್ತವೆ.

ಇತ್ತ ಸಂಸಾರವು ಬೆಳೆಯುತ್ತದೆ. ಮಗನಿಗೆ ಮದುವೆಯಾಗುತ್ತದೆ, ಮಗಳು ಬಾಣಂತನಕ್ಕೆ ಬರುತ್ತಾಳೆ, ತಾಯಿಗೆ ಮಂಡಿನೋವು ಬಂದು ಮಹಡಿಯ ಮೆಟ್ಟಿಲು ಹತ್ತಲಾಗುವುದಿಲ್ಲ. ಹೊಸ ಕೋಣೆ ಕಟ್ಟಲು ಜಾಗವಿಲ್ಲ, ಜಾಗವಿದ್ದರೆ ಹಣವಿಲ್ಲ. ಹೀಗಿರಲು ಗೃಹಸ್ಥನ ಕಣ್ಣು ಬರಿದಾಗಿ ನಿಂತಿರುವ ಕೊಟ್ಟಿಗೆಯ ಮೇಲೆಯೋ ಷೆಡ್ಡಿನ ಮೇಲೆಯೋ ಬೀಳುವುದು ಸಹಜವೇ. ನಾಲ್ಕು ಗೋಡೆ ಇವೆ, ಮಾಡು ಇದೆ. ನೆಲಕ್ಕೆ ಸಿಮೆಂಟು ಹಾಕಿಸಿ ಸುಣ್ಣ ಹೊಡೆಸಿದರೆ ಆಯಿತಲ್ಲವೆ ಎಂದು ಮೇಸ್ತ್ರಿಯೂ ತಲೆಯಾಡಿಸುತ್ತಾನೆ. ಆಗಲಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಪ್ರತಿಯೊಂದು ಕೋಣೆಯನ್ನೂ ಅದರಲ್ಲಿ ವಾಸಿಸತಕ್ಕವರಿಗೆ ಒಪ್ಪುವಂತೆ ಕಟ್ಟಿರುತ್ತಾರೆ. ಎತ್ತಿಗೆ ಒಪ್ಪಿದ ನೆಲ, ಹುಳುವಿಗೆ ಒಪ್ಪಿದ ಗಾಳಿ, ಮೋಟಾರಿಗೆ ಒಪ್ಪಿದ ಬಾಗಿಲು, ಇವು ಮಲಗುವ ಮನುಷ್ಯನಿಗೆ ಒಪ್ಪುವುದಿಲ್ಲ. ಯಾವುದು ಒಪ್ಪುವುದಿಲ್ಲ, ಅದನ್ನು ಹೇಗೆ ಸರಿಪಡಿಸಬಹುದು ಎಂಬುದನ್ನು ವಾಚಕರ ಮುಂದೆ ಇಡುತ್ತೇವೆ.

ಕೊಟ್ಟಿಗೆಯ ನೆಲದಿಂದ ಮೊದಲುಮಾಡೋಣ, ಏಕೆಂದರೆ ಕೆಲಸವೆಲ್ಲವೂ ಅಲ್ಲಿಯೇ ಕೆಡುತ್ತದೆ. ಎರಡು ಮೂರು ತಲೆಮಾರುಗಳ ಕಾಲ ದನಗಳು ನಿಂತ ನೆಲವು ಮೇಲಕ್ಕೆ ಎಷ್ಟೇ ಒಣಗಿದಂತೆ ಕಂಡರೂ ಒಳಗೆ ಒಂದು ಒಂದೂವರೆ ಅಡಿಯವರೆಗೆ ಗಂಜಲವನ್ನು ಕುಡಿದಿರುತ್ತದೆ. ಗಂಜಲದಲ್ಲಿರುವ ಸತ್ತ್ವವು ಮಣ್ಣಿನ ಸೂಕ್ಷ್ಮಜೀವಿಗಳ ದೆಸೆಯಿಂದ ಕ್ರಮಕ್ರಮವಾಗಿ ಮಾರ್ಪಟ್ಟು ಪೆಟ್ಲುಪ್ಪಿನ ಜಾತಿಯ ಲವಣಗಳಾಗುತ್ತದೆ. ಹಿಂದಿನ ಕಾಲದಲ್ಲಿ ಕೋವಿಯ ಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಹಳೆಯ ಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಕಾಯಿಸಿ ತೆಗೆಯುತ್ತಿದ್ದರೆಂಬುದನ್ನು ನೆನೆದರೆ ನಮ್ಮ ಕೊಟ್ಟಿಗೆಯ ನೆಲದಲ್ಲಿ ಏನಿದೆಯೆಂಬುದು ತಿಳಿಯುತ್ತದೆ. ಈ ಲವಣವು ನೀರಿನೊಡನೆ ಗೋಡೆಯನ್ನೇರುತ್ತದೆ. ಸುಣ್ಣದೊಡನೆ ಕೂಡಿದಾಗಲಂತೂ ಅದಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣ ಬಹಳ. ಆದುದರಿಂದಲೇ ಬೇಸಗೆಯಲ್ಲಿ ಬಿಳಿಯ ಬೂದಿಯಂತೆ ಉದುರುತ್ತಿದ್ದ ಗೋಡೆಯು ಮಳೆಗಾಲದಲ್ಲಿ, ಮಾಡು ಎಲ್ಲಿಯೂ ಸೋರದೆ ಇದ್ದರೂ, ಬೆವರುತ್ತದೆ. ಯಜಮಾನನು ಮಾಡನ್ನು ಎರಡು ಸಲ ರಿಪೇರಿ ಮಾಡಿಸುತ್ತಾನೆ. ಗೋಡೆ ಬೆವರುವುದು ನಿಲ್ಲುವುದಿಲ್ಲ.

ಇಂಥ ನೆಲದ ಮೇಲೆ ಎರಡು ಅಂಗುಲ ಸಿಮೆಂಟು ಹಾಕಿಸುವುದು ಹಣವನ್ನು ಹೂಳುವುದೇ ಸರಿ. ಆ ಮಣ್ಣನ್ನು ಗಟ್ಟಿನೆಲ ಸಿಕ್ಕುವವರೆಗೆ ಅಗೆದು ತೆಗೆಯತಕ್ಕದ್ದು. ತೆಗೆದ ಮಣ್ಣನ್ನು ಬೀದಿಗೆ ಸುರಿಯದೆ ಹೊಲಕ್ಕೆ ಹೊಡೆಸಿದರೆ ರಾಗಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ಬೇರೆ ಇಲ್ಲ. ಅಗೆಯುವ ಕೂಲಿಯಲ್ಲಿ ಒಂದು ಪಾಲು ಹಾಗೆ ಹಿಂದಕ್ಕೆ ಬರುತ್ತದೆ. ಆದರೆ ಒಂದು ಎಚ್ಚರಿಕೆ. ದನಗಳು ಹೋದ ಮೇಲೆ ಆ ಸ್ಥಳದಲ್ಲಿ ದ್ರಾಕ್ಷಿಯ ಅಥವಾ ಟೊಮೇಟೊ ತೋಟದ ಔಷಧಗಳನ್ನು ಇಟ್ಟಿದ್ದರೆ, ಡಬ್ಬಿಗಳು ಸೋರಿ ನೆಲಕ್ಕೆ ಇಳಿದಿದ್ದರೆ, ಆ ಭಾಗದ ಮಣ್ಣನ್ನು ಬೇರೆಯಾಗಿ ತೆಗೆದು, ಬಾವಿ ಕೆರೆಗಳಿಂದ ದೂರವಾಗಿ, ಯಾವ ಪೈರೂ ಬೆಳೆಯದ ಕಡೆ ಹೂಳಬೇಕು. ಈ ಸೀಮೆಯಲ್ಲಿ ಅನೇಕ ಮನೆಗಳಲ್ಲಿ ಕೀಟನಾಶಕದ ಡಬ್ಬಿಗೆ ಬರಿದಾದ ಕೊಟ್ಟಿಗೆಯ ಅಟ್ಟವೇ ಸ್ಥಾನವಾಗಿದೆ. ಮಗುವನ್ನು ಮಲಗಿಸುವ ಮೊದಲು ಅಟ್ಟವನ್ನು ಒಮ್ಮೆ ಹತ್ತಿ ನೋಡತಕ್ಕದ್ದು.

ಅಗೆಯುವಾಗ ಕೆಲವೆಡೆ ಹಗೇವು ಸಿಕ್ಕುವುದುಂಟು. ಹಿಂದಿನವರು ರಾಗಿಯನ್ನು ನೆಲದೊಳಗೆ ವರ್ಷಗಟ್ಟಲೆ ಕಾಪಾಡುತ್ತಿದ್ದ ಆ ಗುಳಿಗಳು ಸಾಮಾನ್ಯವಾಗಿ ಬಯಲಿನಲ್ಲಿ ಇರುತ್ತವೆಯಾದರೂ ಮನೆಯ ಮುಂದೆ, ಮನೆಯೊಳಗೆ ಇರುವುದೂ ಇದೆ. ಮುಚ್ಚಿದ್ದ ಹಗೇವಿನೊಳಗಿನ ಗಾಳಿಯು ಉಸಿರಾಡಲು ಯೋಗ್ಯವಲ್ಲ. ಬಾಯಿ ತೆರೆದೊಡನೆ ಒಳಗಿಳಿದು ಪ್ರಾಣ ಕಳೆದುಕೊಂಡವರುಂಟು. ಹಿರಿಯರು ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದರು. ಮಲಗುವ ಮನೆ ಮಾಡುವವನಿಗೆ ಅದರೊಳಗೆ ಇಳಿಯುವ ಕೆಲಸವೇನೂ ಇಲ್ಲ. ಬಾಯಿಯನ್ನು ತೆರೆದು ಹಲವು ದಿನ ಬಿಟ್ಟು, ಮೇಲಿನಿಂದಲೇ ಗರಸನ್ನು ತುಂಬಿ ನೀರು ಹಾಯಿಸಿ ಕುಸಿಯಗೊಟ್ಟು ಮತ್ತೆ ತುಂಬಿದರೆ ಸಾಕು. ತುಂಬದೆ ಮೇಲೊಂದು ಚಪ್ಪಡಿ ಮುಚ್ಚಿ ನೆಲ ಮಾಡಿದರೆ ಅದು ಒಂದು ದಿನ ಮಂಚದೊಡನೆ ಒಳಗಿಳಿದೀತು.

ಅಗೆದ ಹಳ್ಳಕ್ಕೆ ಗರಸನ್ನು ಪದರಪದರವಾಗಿ ಹಾಕಿ ದಿಮ್ಮಸಿನಿಂದ ಬಡಿದು, ಮೇಲೆ ನಾಲ್ಕು ಅಂಗುಲ ದಪ್ಪ ಜಲ್ಲಿಯನ್ನು ಹರಡಬೇಕು. ಜಲ್ಲಿಯ ಸಂದುಗಳಲ್ಲಿ ನೀರು ಮೇಲಕ್ಕೇರಲಾರದು. ಅದರ ಮೇಲೆ ತೆಳ್ಳಗೆ ಮರಳು, ಮರಳಿನ ಮೇಲೆ ದಪ್ಪನಾದ ಪ್ಲಾಸ್ಟಿಕ್ ಹಾಳೆ, ಹಾಳೆಯ ಅಂಚನ್ನು ಗೋಡೆಯ ಬುಡದಲ್ಲಿ ಒಂದು ಗೇಣು ಮೇಲಕ್ಕೆ ಮಡಿಸಿ, ಆಮೇಲೆ ಕಾಂಕ್ರೀಟು. ಮೇಲುಹಾಸಿಗೆ ಕಡಪದ ಕಲ್ಲಾಗಲಿ ನಮ್ಮ ಊರ ಬಂಡೆಯ ಚಪ್ಪಡಿಯಾಗಲಿ ಆಗಬಹುದು. ಮುದುಕರು ನಡೆಯತಕ್ಕ ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಟೈಲು ಬೇಡ.

ಗೋಡೆಗೆ ಅವಸರ ಸಲ್ಲದು. ಮೂರು ನಾಲ್ಕು ಅಡಿಯ ಎತ್ತರಕ್ಕೆ ಹಳೆಯ ಗಾರೆಯನ್ನು ಕೆತ್ತಿ ತೆಗೆದು ಒಂದು ಬೇಸಗೆಯನ್ನು ಹಾಗೆಯೇ ಕಳೆಯಗೊಡಬೇಕು. ಉಪ್ಪು ಹೊರಬಿದ್ದಂತೆಲ್ಲ ಒಣ ಪೊರಕೆಯಿಂದ ಉಜ್ಜಿ ಕೆಡವಿ ಹೊರಕ್ಕೆ ಎಸೆಯಬೇಕು. ನೀರಿನಿಂದ ತೊಳೆದರೆ ಉಪ್ಪು ಕರಗಿ ಮರಳಿ ಒಳಗೆ ಸೇರುತ್ತದೆ. ಆಮೇಲೆ ಸಿಮೆಂಟಿನ ಗಾರೆಯನ್ನಲ್ಲ, ಸುಣ್ಣದ ಗಾರೆಯನ್ನು ಮೆತ್ತಿಸಬೇಕು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ತೇವವು ಒಳಗೆ ಸಿಕ್ಕಿಕೊಂಡು ಗೋಡೆಯನ್ನೇ ಕರಗಿಸುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ಉಳಿದ ಉಪ್ಪನ್ನು ತನ್ನೊಳಕ್ಕೆ ಎಳೆದುಕೊಂಡು ಕೆಲವು ವರ್ಷಗಳಲ್ಲಿ ತಾನು ಉದುರಿಹೋಗುತ್ತದೆ, ಗೋಡೆ ಉಳಿಯುತ್ತದೆ. ಉದುರಿತೆಂದು ಮೇಸ್ತ್ರಿಯನ್ನು ಬಯ್ಯಬೇಕಾದುದಿಲ್ಲ. ಉದುರುವುದೇ ಅದರ ಕೆಲಸ. ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಕಡೆ ಕಲ್ಲು ಚಪ್ಪಡಿಗಳನ್ನೇ ನಿಲ್ಲಿಸಿ ಗೋಡೆ ಮಾಡಿರುವ ಕೊಟ್ಟಿಗೆಗಳಿಗೆ ಈ ಕಾಟ ಕಡಿಮೆ. ಅಲ್ಲಿಯ ಕಷ್ಟ ಮಾಡಿನದು. ಎರಡು ಮೂರು ಅಂಗುಲದ ಕಲ್ಲು ಚಪ್ಪಡಿಯು ಹಗಲೆಲ್ಲ ಕಾದು, ಮನುಷ್ಯನು ಮಲಗುವ ಹೊತ್ತಿಗೆ ಸರಿಯಾಗಿ ಆ ಕಾವನ್ನು ಕೆಳಕ್ಕೆ ಬಿಡತೊಡಗುತ್ತದೆ. ಮೇಲೆ ಸುಣ್ಣ ಸುರ್ಕಿಯ ಗಾರೆಯನ್ನು ದಪ್ಪವಾಗಿ ಹಾಕಿಸಿ ವರ್ಷಕ್ಕೊಮ್ಮೆ ಬಿಳಿಯ ಸುಣ್ಣವನ್ನು ಬಳಿಸಿದರೆ ಬಹಳ ಮಟ್ಟಿಗೆ ತಣಿಯುತ್ತದೆ. ಮಾಡು ಕಲ್ನಾರಿನ ಷೀಟಾಗಿದ್ದರೆ ಅದನ್ನು ಕೊರೆಯುವುದು, ಒಡೆಯುವುದು, ಉಜ್ಜುವುದು ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಇಡೀ ಷೀಟನ್ನು ನೀರು ಚಿಮುಕಿಸಿ ಇಳಿಸಿ ಬೇರೆ ಮಾಡು ಹೊದಿಸುವುದೇ ಕ್ಷೇಮ.

ಇಷ್ಟು ಶ್ರಮವೇಕೆ, ನಮ್ಮ ತಾತಂದಿರು ದನದ ಮಗ್ಗುಲಲ್ಲಿಯೇ ಮಲಗಿ ನೂರು ವರ್ಷ ಬದುಕಲಿಲ್ಲವೆ ಎಂದು ಕೇಳುವವರುಂಟು. ಬದುಕಿದವರು ನಮ್ಮ ಕಣ್ಣಿಗೆ ಬಿದ್ದರು. ಬದುಕದವರ ಲೆಕ್ಕವನ್ನು ಯಾರೂ ಇಡಲಿಲ್ಲ. ಮಲೇರಿಯಾವನ್ನು ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆಗಳು ಹಗಲಿನಲ್ಲಿ ವಿಶ್ರಮಿಸುವ ಸ್ಥಳಗಳಲ್ಲಿ ಕತ್ತಲೆಯ ಕೊಟ್ಟಿಗೆಯೂ ಒಂದು. ಧನುರ್ವಾಯುವಿನ ಬೀಜಾಣುಗಳು ಸಗಣಿ ಬೆರೆತ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಉಳಿಯುತ್ತವೆ. ಅಂಥ ಮಣ್ಣಿನ ಮಗ್ಗುಲಲ್ಲಿ ಹೆರಿಗೆಗಳಾಗುತ್ತಿದ್ದ ಕಾಲದಲ್ಲಿ ಎಳೆಗೂಸುಗಳು ಏಳೆಂಟು ದಿನಕ್ಕೆ ಸೆಟೆದುಕೊಂಡು ತೀರಿಹೋಗುತ್ತಿದ್ದುವು, ಗ್ರಹಚಾರವೆನ್ನುತ್ತಿದ್ದರು. ತಾಯಂದಿರಿಗೆ ಚುಚ್ಚುಮದ್ದು ಕೊಡುವುದೂ ಆಸ್ಪತ್ರೆಯ ಹೆರಿಗೆಯೂ ಹರಡಿದ ಮೇಲೆ, ೨೦೧೫ರಲ್ಲಿ, ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲವಾಯಿತೆಂದು ಪರಿಗಣಿತವಾಯಿತು. ಚುಚ್ಚುಮದ್ದಿನಿಂದ ಕಾಯಿಲೆ ಹಿಮ್ಮೆಟ್ಟಿತು. ಬೀಜಾಣುವು ಮಣ್ಣಿನಲ್ಲಿಯೇ ಇದೆ. ಮಗಳ ಬಾಣಂತನಕ್ಕೆಂದು ಕೊಟ್ಟಿಗೆಯನ್ನು ಕೋಣೆ ಮಾಡಿಸುವ ತಾಯಿಯು ಆ ನೆಲವನ್ನು ಅಗೆಸದೆ ಬಿಡಬಾರದೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಹುಳುವಿನ ಕೋಣೆಯ ಕಥೆ ಬೇರೆ. ಅಲ್ಲಿ ನೆಲ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಗಾಳಿ. ಚಾಕಿಯ ಹುಳುವಿಗೆ ಇಪ್ಪತ್ತಾರರಿಂದ ಇಪ್ಪತ್ತೆಂಟು ಡಿಗ್ರಿ ಕಾವೂ ನೂರಕ್ಕೆ ೮೦ರಿಂದ ೯೦ರಷ್ಟು ತೇವವೂ ಬೇಕು. ಮನುಷ್ಯನಿಗೆ ಹಿತವಾದ ತೇವವು ೪೦ರಿಂದ ೬೦. ಹುಳುವಿಗೆ ಜ್ವರ ಕೂತಾಗ, ಎಂದರೆ ಪೊರೆ ಬಿಡುವಾಗ, ಗಾಳಿ ಬೀಸದಂತೆ ಬೆಳಕು ಬೀಳದಂತೆ ನೋಡಿಕೊಳ್ಳುತ್ತಿದ್ದವರು ಕಿಟಕಿಗಳನ್ನು ಸಣ್ಣದಾಗಿ ಮೇಲೆಯೇ ಇಟ್ಟಿರುತ್ತಾರೆ. ಇದಲ್ಲದೆ ಪ್ರತಿಯೊಂದು ಬೆಳೆಗೂ ಮೊದಲು ರೋಗ ತಗಲದಂತೆ ಕೋಣೆಗೆಲ್ಲ ಫಾರ್ಮಲಿನ್ ದ್ರಾವಣವನ್ನೋ ಬ್ಲೀಚಿಂಗ್ ಪುಡಿಯ ನೀರನ್ನೋ ಹೊಡೆಯುವುದು ವಾಡಿಕೆ. ವರ್ಷಕ್ಕೆ ನಾಲ್ಕೈದು ಬೆಳೆಯೆಂದರೆ ಇಪ್ಪತ್ತು ವರ್ಷದಲ್ಲಿ ನೂರು ಸಲ ಆ ಗೋಡೆ ಮದ್ದನ್ನು ಕುಡಿದಿದೆ. ಫಾರ್ಮಲಿನ್ನಿನಿಂದ ಏಳುವ ಆವಿಯು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡಬಲ್ಲುದೆಂದು ಅಂತಾರಾಷ್ಟ್ರೀಯ ವೈದ್ಯ ಮಂಡಲಿಯೊಂದು ೨೦೦೪ರಲ್ಲಿ ನಿರ್ಣಯಿಸಿತು. ಭಯಪಡಬೇಕಾದುದಿಲ್ಲ, ಆ ಆವಿ ಗಾಳಿಗೆ ಬಿಟ್ಟರೆ ಹೋಗುತ್ತದೆ. ಮರದ ಅಡ್ಡಗಳು, ಹಳೆಯ ಗೋಣಿ, ತಟ್ಟೆ, ಚಂದ್ರಿಕೆಗಳನ್ನು ಹೊರಹಾಕಿ, ಬಾಗಿಲು ಕಿಟಕಿಗಳನ್ನು ಕೆಲವು ವಾರ ಹಗಲೂ ರಾತ್ರಿ ತೆರೆದಿಟ್ಟು, ಆಮೇಲೆ ಹೊಸದಾಗಿ ಸುಣ್ಣ ಹೊಡೆಸಿದರೆ ಸರಿಹೋಗುತ್ತದೆ. ಒಂದು ಪ್ರಯೋಜನವೂ ಉಂಟು. ಊಜಿ ನೊಣವು ೧೯೮೦ರಲ್ಲಿ ಕರ್ನಾಟಕಕ್ಕೆ ಹೊಕ್ಕ ಮೇಲೆ ಹುಳುವಿನ ಮನೆಗಳ ಕಿಟಕಿಗೆಲ್ಲ ಬಲೆ ಹಾಕಿಸಿದರು. ಹುಳುವನ್ನು ನೊಣದಿಂದ ಕಾಪಾಡಿದ ಬಲೆ ಈಗ ಮಕ್ಕಳನ್ನು ಸೊಳ್ಳೆಯಿಂದ ಕಾಪಾಡುತ್ತದೆ, ಅದನ್ನು ಕೀಳಿಸಬೇಡಿ.

ಪಟ್ಟಣದಲ್ಲಿ ನೂಲು ಬಿಚ್ಚುವವರ ಮನೆಗೆ ಅಂಟಿದ ಷೆಡ್ಡಾದರೆ ಹೊಗೆ, ಆವಿ, ಸತ್ತ ಹುಳುವಿನ ವಾಸನೆ ಗಾರೆಯೊಳಗೇ ಇಳಿದಿರುತ್ತವೆ. ಅಲ್ಲಿ ಸುಣ್ಣದ ಮಾತೇ ಇಲ್ಲ, ಗಾರೆಯನ್ನೆಲ್ಲ ಕೆತ್ತಿಸಬೇಕು.

ಇನ್ನು ಕಾರಿನ ಷೆಡ್ಡು. ಬೆಂಗಳೂರಿನಲ್ಲಿ ೧೮೯೮ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಬೆಳೆದಾಗ ವಿಶಾಲವಾದ ನಿವೇಶನಗಳಿದ್ದುವು. ಮುಂದೆ ಮೋಟಾರು ಕೊಂಡವರು ಅದಕ್ಕೆ ಕಾಂಪೌಂಡಿನ ಮೂಲೆಯಲ್ಲಿ ಬೇರೆ ಷೆಡ್ಡನ್ನು ಕಟ್ಟಬಹುದಾಗಿತ್ತು. ನಿವೇಶನಗಳು ಕಿರಿದಾದಂತೆ ಷೆಡ್ಡು ಮನೆಗೆ ಅಂಟಿತು. ಅಮೆರಿಕದಲ್ಲಿಯೂ ಹೀಗೆಯೇ ಆಗಿ, ಅಲ್ಲಿ ಅಂಟಿದ ಷೆಡ್ಡನ್ನು ಕೋಣೆ ಮಾಡಿಕೊಳ್ಳುವುದು ಒಂದು ದೊಡ್ಡ ಉದ್ಯಮವೇ ಆಗಿದೆ. ಅವರ ಚಿಂತೆ ಚಳಿಯದು, ನಮ್ಮದು ತೇವ ಮತ್ತು ಸೆಕೆಯದು.

ಷೆಡ್ಡಿನ ಮುಖ್ಯ ತೊಡಕು ಲೆಕ್ಕದ ತೊಡಕು. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ ೨.೭೫ ಮೀಟರು, ಎಂದರೆ ಒಂಬತ್ತು ಅಡಿ ಎತ್ತರವಿರಬೇಕೆನ್ನುತ್ತದೆ, ಷೆಡ್ಡಿಗೆ ೨.೪ ಮೀಟರು, ಎಂಟು ಅಡಿ ಸಾಕು. ಮನೆಯ ಪಾಯವು ಸುತ್ತಲ ನೆಲಕ್ಕಿಂತ ಒಂದೂವರೆ ಅಡಿ ಎತ್ತರವಿರಬೇಕು. ಷೆಡ್ಡಿನದು ಅರ್ಧ ಅಡಿ ಇದ್ದರೂ ಆಗುತ್ತದೆ. ಈಗ ಮನೆಯೊಡನೆ ಸಮನಾಗಲೆಂದು ಷೆಡ್ಡಿನ ನೆಲವನ್ನು ಒಂದು ಅಡಿ ಎತ್ತರಿಸಿದರೆ ತಲೆಯ ಮೇಲೆ ಉಳಿಯುವುದು ಏಳೇ ಅಡಿ. ಅದಕ್ಕೊಂದು ವಿದ್ಯುತ್ತಿನ ಪಂಖವನ್ನು ತೂಗಹಾಕಿದರೆ ಆರು ಅಡಿ. ಎತ್ತರದ ಆಳೊಬ್ಬನು ಅಂಗಿಯನ್ನು ತಲೆಯ ಮೇಲಿನಿಂದ ತೆಗೆಯಲು ಕೈ ಎತ್ತಿದನೆಂದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ನೆಲವನ್ನು ಎತ್ತರಿಸದೆ ಬಿಟ್ಟರೆ ಬೀದಿಯ ಮಳೆನೀರು ಒಳನುಗ್ಗುತ್ತದೆ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೭೦೦ ಮಿಲಿಮೀಟರ್ ಮಳೆಯೆಂದು ಅಲಕ್ಷ್ಯಮಾಡುವ ಹಾಗಿಲ್ಲ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಒಮ್ಮೊಮ್ಮೆ ಒಂದೇ ರಾತ್ರಿ ಸುರಿಯುತ್ತದೆ. ಆದುದರಿಂದ ನೆಲವನ್ನು ಎತ್ತರಿಸುವುದಾದರೆ ಮಾಡನ್ನೂ ಎತ್ತರಿಸಬೇಕು. ಷೀಟಿನ ಮಾಡಾದರೆ ಇದು ಕಷ್ಟವಲ್ಲ. ತಾರಸಿಯಾದರೆ ಷೆಡ್ಡನ್ನು ಮಲಗುವ ಮನೆ ಮಾಡುವ ಆಲೋಚನೆಯನ್ನೇ ಬಿಟ್ಟು, ಅಲ್ಲಿ ಉಗ್ರಾಣವನ್ನಿಟ್ಟು, ಈಗಿನ ಉಗ್ರಾಣದ ಕೋಣೆಯನ್ನು ಮಲಗಲು ತೆರವುಮಾಡುವುದು ಲೇಸೆಂದು ನಮಗೆ ತೋರುತ್ತದೆ. ಅನೇಕರಿಗೆ ಈ ಉಪಾಯ ಹೊಳೆಯುವುದಿಲ್ಲ. ಖರ್ಚು ಕಾಲು ಪಾಲು.

ಎರಡನೆಯದು ಬಾಗಿಲು. ಷೆಡ್ಡಿನ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ರೋಲಿಂಗ್ ಷಟರು. ಷಟರನ್ನು ಕಿತ್ತು ಆ ಎಂಟು ಅಡಿಯ ಬಾಯಿಗೆ ಇಟ್ಟಿಗೆಯ ಗೋಡೆ ಎಬ್ಬಿಸಿದರೆ ಗಾಳಿ ಬೆಳಕಿಗೆ ದಾರಿಯೇ ಇಲ್ಲ. ಅದೂ ಅಲ್ಲದೆ ಆ ಬಾಯಿಯ ಕೆಳಗೆ ಬಹಳ ಕಡೆ ಪಾಯವೇ ಇರುವುದಿಲ್ಲ, ಬರಿಯ ಕಾಂಕ್ರೀಟಿನ ಹಾಸಿರುತ್ತದೆ. ಪಾಯ ತೋಡದೆ ಎಬ್ಬಿಸಿದ ಗೋಡೆಯು ಒಂದು ಮಳೆಗೆ ಕುಸಿದು, ಹಳೆಯ ಗೋಡೆಗೆ ಕೂಡುವ ಕಡೆ ಮೇಲಿನಿಂದ ಕೆಳಗೆ ಸೀಳು ಬಿಡುತ್ತದೆ. ಪಾಯವನ್ನು ತೋಡಿಸಿ, ಹಳೆಯ ಗೋಡೆಯಲ್ಲಿ ಹಲ್ಲು ಬಿಡಿಸಿ ಹೊಸ ಇಟ್ಟಿಗೆಯನ್ನು ಕಚ್ಚಿಸಬೇಕು. ಗಾಳಿಯ ಲೆಕ್ಕ ಹೀಗೆ: ಸಂಹಿತೆಯು ಹವೆಗೆ ತಕ್ಕಂತೆ ನೆಲದ ಹನ್ನೆರಡರಲ್ಲೊಂದು ಪಾಲಿನಿಂದ ಆರರಲ್ಲೊಂದು ಪಾಲಿನವರೆಗೆ ಕಿಟಕಿ ಬೇಕೆನ್ನುತ್ತದೆ. ನಡುವಿನ ಎಂಟರಲ್ಲೊಂದನ್ನು ಹಿಡಿಯೋಣ. ಎಂಟು ಅಡಿ ಅಗಲ ಹದಿನಾರು ಅಡಿ ಉದ್ದದ ಷೆಡ್ಡು ೧೨೮ ಚದರಡಿ. ಅದಕ್ಕೆ ೧೬ ಚದರಡಿಯ ಕಿಟಕಿ. ಇದನ್ನು ಒಂದೇ ಕಡೆ ಇಡುವುದಕ್ಕಿಂತ ಷಟರಿದ್ದ ಕಡೆ ಒಂದು, ಎದುರು ಗೋಡೆಯಲ್ಲಿ ಒಂದು ಇಟ್ಟರೆ ಗಾಳಿ ಹಾಯುತ್ತದೆ. ಎದುರು ಗೋಡೆ ನೆರೆಯವರ ಎಲ್ಲೆಗೆ ತಗುಲಿದ್ದರೆ ಕಿಟಕಿಗೆ ಆಸ್ಪದವಿಲ್ಲ. ಆಗ ಮಾಡಿನಲ್ಲಿ ಬೆಳಕಿಂಡಿ ತೆಗೆಸಬೇಕು.

ನಾಲ್ಕು ಊರುಗಳಲ್ಲಿಯೂ ಈಗ ನಗರಸಭೆಗಳಿವೆ. ಮಂಜೂರಾದ ನಕ್ಷೆಯಲ್ಲಿ ವಾಹನದ ಸ್ಥಳವೆಂದು ತೋರಿಸಿದ್ದುದನ್ನು ವಾಸದ ಕೋಣೆ ಮಾಡುವ ಮೊದಲು ಅಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯುವುದು ಅವಶ್ಯ. ಮನೆ ಮಾರುವಾಗಲೋ ಬ್ಯಾಂಕಿನಲ್ಲಿ ಸಾಲ ಕೇಳುವಾಗಲೋ ನಕ್ಷೆಗೂ ಮನೆಗೂ ತಾಳೆಯಾಗದೆ ತೊಂದರೆಗೆ ಸಿಕ್ಕಿದವರು ಇದ್ದಾರೆ.

ಅರ್ಧ ಷೆಡ್ಡನ್ನು ಕೋಣೆ ಮಾಡಿ ಉಳಿದರ್ಧದಲ್ಲಿ ಸ್ಕೂಟರು ನಿಲ್ಲಿಸುವವರಿಗೆ ಒಂದು ಮಾತು. ಪೆಟ್ರೋಲಿನ ಇಂಜಿನ್ನು ಉಗುಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದವನು ತಲೆನೋವೆಂದು ಹೊರಳಿ ಮತ್ತೆ ಏಳದೆ ಹೋಗಬಹುದು. ನಡುವಣ ಗೋಡೆಯಲ್ಲಿ ಬಾಗಿಲಾಗಲಿ ಕಿಂಡಿಯಾಗಲಿ ಇರಬಾರದು. ಬಂಡಿಯನ್ನು ಹೊರಗೆ ತಳ್ಳಿಕೊಂಡು ಹೋಗಿ ಚಾಲೂ ಮಾಡಬೇಕು. ಇದೇ ಅನಿಲವು ಇದ್ದಲಿನ ಕೆಂಡದಿಂದಲೂ ಬರುತ್ತದೆ. ಚಳಿಗಾಲದಲ್ಲಿ ಹುಳುವಿನ ಕೋಣೆಗೆ ಕೆಂಡದ ಒಲೆಯನ್ನಿಟ್ಟು ಬಾಗಿಲು ಮುಚ್ಚುವ ಅಭ್ಯಾಸವಿದ್ದವರು ಅದೇ ಕೋಣೆಯಲ್ಲಿ ಬಾಣಂತಿಗೆ ಅಗ್ಗಿಷ್ಟಿಕೆಯನ್ನಿಟ್ಟು ಬೆಳಕಿಂಡಿಗೆ ಬಟ್ಟೆ ತುರುಕುವುದನ್ನು ನಾವು ಬಲ್ಲೆವು. ತಾಯಿ ಮಗು ಬೆಚ್ಚಗಿರಲೆಂಬ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಕಂಬಳಿಯನ್ನು ಎರಡು ಹೊದಿಸಿ. ಕೆಂಡವನ್ನು ಮಾತ್ರ ಒಳಗಿಡಬೇಡಿ.

ಆ ಕೋಣೆಯಲ್ಲಿ ಮಲಗತಕ್ಕವರು ಯಾರೆಂಬ ವಿಷಯಕ್ಕೆ ಬರೋಣ. ಹೊಸದಾಗಿ ಮದುವೆಯಾದ ಮಗನಿಗೆ ನಡುಮನೆಯ ಪಕ್ಕದ ಒಳ್ಳೆಯ ಕೋಣೆ, ಓದುವ ಹುಡುಗರಿಗೆ ಮಹಡಿ. ಹೀಗೆ ಹಂಚಿದ ಮೇಲೆ ಕೊಟ್ಟಿಗೆಯಿಂದಾದ ಕೋಣೆಯು ಬಹುಮಟ್ಟಿಗೆ ಮನೆಯ ಮುದುಕಿಯ ಪಾಲಿಗೆ ಬರುತ್ತದೆ. ಚಿಂತಾಮಣಿಯ ಕಡೆಯ ಒಂದು ಹಳ್ಳಿಯಲ್ಲಿ ನಾವು ನೋಡಿದ ಒಂದು ಮನೆಯ ಯಜಮಾನರು ನೆಲ ಅಗೆಸಿದ್ದರು, ಗಾರೆ ಮಾಡಿಸಿದ್ದರು, ಹಣಕ್ಕೆ ಹಿಂಜರಿದವರಲ್ಲ. ಕೋಣೆಯ ಬಾಗಿಲು ಮಾತ್ರ ಹಿಂದಿದ್ದಂತೆ ಬೀದಿಯ ಕಡೆಗೇ ಇತ್ತು. ಕೋಣೆಯನ್ನು ತೋರಿಸಲು ತಾಯಿಯನ್ನು ಕರೆತಂದರು. ಆಕೆ ಗೋಡೆಯನ್ನು ಕೈಯಿಂದ ಸವರಿ ನೋಡಿ, “ಎತ್ತಿದ್ದ ತಾವ ನನ್ನ ಮಲಗಿಸ್ತೀಯೇನಪ್ಪ?” ಎಂದರು.

“ಹಂಗ್ಯಾಕಂತೀಯಮ್ಮ? ನೆಲ ಎಲ್ಲಾ ಹೊಸದು ಮಾಡಿಸಿದೀನಿ,” ಎಂದು ಮಗ ನೊಂದುಕೊಂಡು ಹೇಳಿದರು.

“ಎತ್ತಿಗೇನಪ್ಪ, ಬಸವಣ್ಣ ಇದ್ದ ಜಾಗ. ಸಂಕ್ರಾಂತಿಗೆ ನಾನೇ ಪೂಜೆ ಮಾಡ್ತಿದ್ದೆ. ರಾತ್ರಿ ಕೂಗಿದ್ರೆ ನಿಂಗೆ ಕೇಳಿಸ್ತದಾ, ಅದು ಹೇಳು.”

ಮಗ ಸುಮ್ಮನಾದರು. ಎತ್ತಿನ ಗಂಟೆ ಕೇಳಲೆಂದು ಹಿಂದಿನವರು ಕೊಟ್ಟಿಗೆಗೂ ನಡುಮನೆಗೂ ನಡುವೆ ಒಂದು ಕಿಂಡಿಯನ್ನಿಟ್ಟಿದ್ದರು. ಅದನ್ನು ವಾಸನೆ ಬರುವುದೆಂದು ಮುಚ್ಚಿಸಿ ಬಹಳ ವರ್ಷವಾಗಿತ್ತು. ಮರುವಾರ ಅವರು ಅದೇ ಸ್ಥಳದಲ್ಲಿ ಗೋಡೆಯನ್ನು ಒಡೆಸಿ, ಮೇಲೆ ಕಲ್ಲಿನ ಅಡ್ಡವನ್ನು ಕೊಡಿಸಿ ಬಾಗಿಲಿಟ್ಟರೆಂದು ಆಮೇಲೆ ತಿಳಿಯಿತು.

ಒಳಬಾಗಿಲಿಲ್ಲದ ಕೋಣೆಯು ಮನೆಯ ಕೋಣೆಯಲ್ಲ. ಮುದುಕರಿಗಾದರೆ ಮೆಟ್ಟಿಲು ಇರಬಾರದು. ಇರಲೇಬೇಕಾದರೆ ಇಳಿಜಾರು ಮಾಡಿಸಿ ಗೋಡೆಗೆ ಹಿಡಿಯಲು ಒಂದು ಕೊಳವಿಯನ್ನು ಕೂರಿಸಬೇಕು. ಕತ್ತಲೆಯಲ್ಲಿ ತಪ್ಪಿದ ಒಂದು ಮೆಟ್ಟಿಲಿನಿಂದ ತೊಡೆಯ ಮೂಳೆ ಮುರಿದು ಮತ್ತೆ ಏಳದವರನ್ನು ವಾಚಕರೂ ಕಂಡಿರುವರು. ಬಚ್ಚಲೂ ಶೌಚಗೃಹವೂ ಹತ್ತು ಹೆಜ್ಜೆಯೊಳಗಿರಲಿ. ಗಂಜಲದ ಕಿಂಡಿಯಿದ್ದ ಮೂಲೆಯಲ್ಲಿ ನೀರು ಹೊರಹೋಗುವ ವಾಟ ಆಗಲೇ ಇರುವುದರಿಂದ ಸಣ್ಣ ಬಚ್ಚಲನ್ನು ಅಲ್ಲಿಯೇ ಕಟ್ಟುವುದು ಸುಲಭ. ಕೊಟ್ಟಿಗೆಯು ಷೆಡ್ಡಿಗಿಂತ ಮೇಲೆನ್ನಿಸುವುದು ಈ ಒಂದು ವಿಷಯದಲ್ಲಿ. ದೀಪದ ಗುಂಡಿ ಮಂಚದಿಂದ ಕೈಗೆಟುಕುವಂತಿರಬೇಕು. ಷೆಡ್ಡುಗಳಿಗೆ ಸಾಮಾನ್ಯವಾಗಿ ಒಂದು ಬಲ್ಬಿಗಾಗುವಷ್ಟು ತಂತಿಯನ್ನು ಮಾತ್ರ ಎಳೆದಿರುತ್ತಾರೆ. ಪಂಖ, ನೀರು ಕಾಯಿಸುವ ಯಂತ್ರ ಇವನ್ನೆಲ್ಲ ಅದಕ್ಕೇ ಜೋಡಿಸದೆ ಹೊಸ ತಂತಿಯನ್ನೂ ಭೂಸಂಪರ್ಕವನ್ನೂ ಮಾಡಿಸುವುದು.

ಕೆಲಸವನ್ನು ಯಾವಾಗ ತೊಡಗಬೇಕೆಂದರೆ, ರಾಗಿಯ ಒಕ್ಕಣೆ ಮುಗಿದು ಆಳುಗಳು ಸಿಕ್ಕುವ ಪುಷ್ಯ ಮಾಘಗಳಲ್ಲಿ ನೆಲವನ್ನು ಅಗೆಸಿ ಗೋಡೆಯನ್ನು ಕೆತ್ತಿಸುವುದು. ಅಲ್ಲಿಂದ ವೈಶಾಖದವರೆಗೆ ಒಣಗಗೊಡುವುದು. ಮುಂಗಾರಿಗೆ ಮೊದಲು ಮಾಡು, ಕಿಟಕಿ, ನೆಲ, ಗಾರೆ ಕೊನೆಗೆ. ಒಂದೇ ತಿಂಗಳಲ್ಲಿ ಎಲ್ಲವನ್ನೂ ಮುಗಿಸಿಕೊಡುತ್ತೇನೆನ್ನುವ ಮೇಸ್ತ್ರಿಗೆ ಈ ಕೆಲಸವನ್ನು ಒಪ್ಪಿಸಬೇಡಿ. ಹಣ ಸಾಲದೆ ಬಂದರೆ ಟೈಲು, ಬಣ್ಣ, ಗೋಡೆಯ ಬೀರುಗಳನ್ನು ಮುಂದಿನ ವರ್ಷಕ್ಕೆ ಬಿಡಬಹುದು. ನೆಲ, ಕಿಟಕಿ, ಒಳಬಾಗಿಲು ಈ ಮೂರನ್ನು ಬಿಡುವ ಹಾಗಿಲ್ಲ. ಗೋದಲಿಯ ಕಲ್ಲನ್ನು ಒಡೆಸದೆ ಇಟ್ಟುಕೊಂಡರೆ ಹಿತ್ತಿಲಿನಲ್ಲಿ ಬಟ್ಟೆ ನೆನೆಹಾಕಲು ಬರುತ್ತದೆ.

ಎಲ್ಲ ಮುಗಿದ ಮೇಲೆ ಅಮ್ಮನನ್ನಾಗಲಿ ಬಾಣಂತಿಯನ್ನಾಗಲಿ ಒಳಗೆ ಕರೆದೊಯ್ಯುವ ಮೊದಲು ಮನೆಯ ಯಜಮಾನನು ತಾನೇ ಎಂಟು ದಿನ ಆ ಕೋಣೆಯಲ್ಲಿ ಮಲಗತಕ್ಕದ್ದು. ಅದೂ ಬೇಸಗೆಯಲ್ಲಲ್ಲ, ಭಾದ್ರಪದ ಆಶ್ವಯುಜಗಳ ಮಳೆಯಲ್ಲಿ. ಬೆಳಗ್ಗೆ ಎದ್ದಾಗ ತಲೆ ಭಾರವಾಗಿಲ್ಲವಷ್ಟೆ? ಗೋಡೆಯ ಕಡೆಯ ಕೈಗೆ ಹೊದಿಕೆಯು ತಣ್ಣಗೆ ಹಸಿಯಾಗಿ ತಗಲಿದರೆ, ಇನ್ನೂ ಒಂದು ಬೇಸಗೆ ಕಾಯುವುದು.